ಬಸ್ತಿಕೇರಿ ಬಾವಿಯ ಕಳ್ಳಿ

ನನ್ನ ಚಿಕ್ಕಮ್ಮನ ಮಗ ಅನೂಪನಿಗೆ ಆದದ್ದು ಇದು. ಅವ ಈಗಲೂ ಹೊನ್ನಾವರದಲ್ಲೇ ಇದ್ದಾನೆ. ಬೇಕಾದರೆ ಹೋಗಿ ಕೇಳಿ... ಹೇಳ್ತಾನೋ ಇಲ್ಲವೋ ಗೊತ್ತಿಲ್ಲ.

ಅವ ಆಗ ಗೈಡು. ಗೇರುಸೊಪ್ಪೆಯಲ್ಲಿ ಹೊಳೆ ದಾಟಿದರೆ ನಗರಬಸ್ತಿಕೇರಿ. ಒಂದು ಕಾಲದ ರಾಜಧಾನಿ, ಈಗ ಪೂರಾ ಕಾಡು. ಚತುರ್ಮುಖ ಬಸದಿ ನಿಂತಿದೆ. ಉಳಿದದ್ದು ಅಲ್ಲಲ್ಲಿ ಹಳೇ ಮನೆಗಳ ಪಂಚಾಂಗ, ಮುರಿದ ಕಲ್ಲು. ರವಿವಾರ ಬಂತೆಂದರೆ ಹೊರಗಿನ ಜನರನ್ನು ಅಲ್ಲೆಲ್ಲ ನಡೆಸಿಕೊಂಡು ಹೋಗಿ ತೋರಿಸುವುದು ಅವನ ಕೆಲಸ. ಮಾತುಗಾರ. ಜನ ನಗಬೇಕು ಅವನಿಗೆ.

ದಾರಿಯಲ್ಲಿ ಒಂದು ಹಾಳು ಬಾವಿ. ಯಾವುದೋ ಕಾಲದಲ್ಲಿ ಒಬ್ಬಳು ಅದರಲ್ಲಿ ಬಿದ್ದು ಸತ್ತಳಂತೆ. ಊರಿನವರಿಗೆ ಗೊತ್ತಿದ್ದದ್ದು ಅಷ್ಟೇ. ಹೆಸರೂ ಗೊತ್ತಿಲ್ಲ. ಅನೂಪ ಅದಕ್ಕೊಂದು ಕತೆ ಕಟ್ಟಿದ. "ಇವಳು ಅರಮನೆಯ ದಾಸಿ. ರಾಣಿಯ ಮೂಗುಬೊಟ್ಟು ಕದ್ದು ಸಿಕ್ಕಿಬಿದ್ದಳು. ಒಂದೊಂದು ಕಲ್ಲು ಹಾಕಿ, ಕಳ್ಳೀ ಅಂತ ಕೂಗಿ ನೋಡಿ!" ಜನ ಕೂಗುವುದು. ಬಾವಿ ತಿರುಗಿ ಕೂಗುವುದು... ಕಳ್ಳೀ... ಳ್ಳೀ... ಎಲ್ಲರಿಗೂ ನಗೆ. ಮೊಬೈಲಿನಲ್ಲಿ ವಿಡಿಯೋ.

ಅಲ್ಲಿ ದನ ಮೇಯಿಸುವ ಬೀರಪ್ಪ ಒಂದು ದಿನ ಹೇಳಿದನಂತೆ, "ತಮಾ, ಸತ್ತವಳ ಮೇಲೆ ಸುಳ್ಳು ಹೇಳಬೇಡ."

"ಅವಳು ಬಂದು ಕೇಳ್ತಾಳಾ ಅಜ್ಜಾ?" ಅಂದ ಇವ.

ಆ ರವಿವಾರ ಹುಬ್ಬಳ್ಳಿಯ ಜನ. ಕತ್ತಲಾಗುತ್ತಾ ಬಂದಿತ್ತು. ಎಲ್ಲರನ್ನೂ ವ್ಯಾನಿಗೆ ಕಳಿಸಿದ ಮೇಲೆ ಬಸದಿಯ ಜಗುಲಿಯಲ್ಲಿ ಮೈಕು ಬಿಟ್ಟದ್ದು ನೆನಪಾಯಿತು. ತರಲಿಕ್ಕೆ ಹೋದ. ವಾಪಸು ಒಬ್ಬನೇ ಬಾವಿಯ ಹತ್ತಿರ ಬಂದಾಗ...

ಟಣ್.

ಕಾಲ ಬುಡದಲ್ಲಿ ಒಂದು ಕಲ್ಲು. ಒದ್ದೆ.

ಮತ್ತೆ ಟಣ್. ಇನ್ನೊಂದು. ಬಾವಿಯ ಒಳಗಿಂದ ಮೇಲೆ ಬರುತ್ತಿದ್ದವು... ಅವತ್ತು ಜನ ಹಾಕಿದ್ದ ಕಲ್ಲುಗಳು. ಆಮೇಲೆ ನೀರಿನಲ್ಲಿ ಬಳೆ ಅಲುಗಿದ ಹಾಗೆ, ಕಿಣಿಕ್... ಕಿಣಿಕ್...

"ನಾ ಎಂತ ಕದ್ದೆ?"

ಪಿಸುಮಾತು. ಕಿವಿಯ ಹತ್ತಿರವೇ.

"ಏನೂ ಇಲ್ಲ..." ಅಂದ ಅನೂಪ. "ನಾನೇ ಕಟ್ಟಿದ್ದು. ಜನ ನಗಲಿ ಅಂತ..."

ಬಾವಿ ಸುಮ್ಮನಾಯಿತು. ಜೀರುಂಡೆಯೂ ಸುಮ್ಮನಾಯಿತು.

"ಆತು," ಅಂದಳು. "ಇನ್ನು ನಿನ್ನ ಪಾಳಿ."

ಎದ್ದೂ ಬಿದ್ದೂ ವ್ಯಾನಿಗೆ ಓಡಿ ಬಂದ. ಅಲ್ಲಿ ಗಲಾಟೆ. ಒಬ್ಬ ಹೆಂಗಸಿನ ಬೆಂಡೋಲೆ ಕಾಣುತ್ತಿಲ್ಲ. ಸೀಟಿನ ಅಡಿ, ಚೀಲ, ಎಲ್ಲ ಹುಡುಕಿ ಆಗಿತ್ತು. ಡ್ರೈವರ್ ಮಂಜ ಅನೂಪನ ಅಂಗಿ ನೋಡಿದ.

"ಅನೂಪಣ್ಣ... ಕಿಸೆ ಎಂತಕ್ಕೆ ಒದ್ದೆ ಆಗಿದ್ದು?"

ಕೈ ಹಾಕಿದರೆ ಬೆಂಡೋಲೆ. ಆ ಹೆಂಗಸು ಕಾಡು ನಡುಗುವ ಹಾಗೆ ಕೂಗಿದಳು, "ಕಳ್ಳ!"

ಅದೇ ಮೊದಲು. ಕುಮಟೆಯಲ್ಲಿ ಮದುವೆ ಊಟಕ್ಕೆ ಹೋದ, ಮದುಮಗನ ಉಂಗುರ ಅವನ ಕಿಸೆಯಲ್ಲಿ. ಭಟ್ಕಳದಲ್ಲಿ ಅಂಗಿಬಟ್ಟೆ ತರಲಿಕ್ಕೆ ಹೋದ, ಅಂಗಡಿಯವರ ವಾಚು. ಅಲ್ಲಿ ಜನ ಸೇರಿ ರಸ್ತೆ ಮೇಲೆ ಹೊಡೆದರು. ಹಲ್ಲು ಹೋಯಿತು. ನಾನು ಅವನನ್ನು ಬಿಡಿಸಿಕೊಂಡು ಬಂದವ. ಆ ಕಿಸೆ ನಾನೇ ಹಿಂಡಿದ್ದೇನೆ. ಪಾಚಿ ವಾಸನೆ. ಗೈಡು ಕೆಲಸಕ್ಕೆ ಮತ್ತೆ ಯಾರೂ ಕರೆಯಲಿಲ್ಲ.

ಕಡೆಗೆ ಅವನ ಹೆಂಡತಿ ಚಂದನಾ ಅವನನ್ನು ಬಾವಿಗೆ ಕರೆದುಕೊಂಡು ಹೋದಳು. ಸೀರೆ, ಬಳೆ, ಹಣ್ಣುಕಾಯಿ ಬಾವಿಗೆ ಬಿಟ್ಟು ಅತ್ತಳು. "ತಪ್ಪಾಯ್ತು ಅಮ್ಮಾ. ನೀನು ಕಳ್ಳಿ ಅಲ್ಲ ಅಂತ ಇವರು ಎಲ್ಲರ ಎದುರು ಹೇಳ್ತಾರೆ. ಬಿಟ್ಟುಬಿಡು."

ಕಿಣಿಕ್...

"ನನ್ನನ್ನು ಎಷ್ಟು ಜನ ಕೂಗಿದರು?"

ಅನೂಪ ತಲೆ ತಗ್ಗಿಸಿದ. "ಲೆಕ್ಕ ಇಟ್ಟಿಲ್ಲ."

"ಅಷ್ಟೂ ಜನ ನಿನ್ನನ್ನು ಕೂಗಲಿ."

ಬಿಟ್ಟ ಸೀರೆ ಬಾವಿಯಿಂದ ಹಾರಿ ಬಂದು ಅವನ ಮುಖಕ್ಕೆ ಬಡಿಯಿತಂತೆ... ಛಪ್ ಅಂತ.

ಚಂದನಾ ಮನೆಗೆ ಬಂದವಳೇ ಅವನ ಅಂಗಿ, ಪ್ಯಾಂಟು, ಎಲ್ಲದರ ಕಿಸೆ ಹೊಲಿದುಬಿಟ್ಟಳು. ಅವ ಮನೆ ಬಿಟ್ಟು ಹೊರಡುವುದೇ ಕಡಿಮೆಯಾಯಿತು. ಮೊನ್ನೆ ಚೌತಿಗೆ ನಾನೇ ಒತ್ತಾಯ ಮಾಡಿ ನಮ್ಮ ಮನೆಗೆ ಕರೆದೆ. ಬಂದ. ಎರಡೂ ಕೈ ಮೊಣಕಾಲ ಮೇಲೆ ಇಟ್ಟು ಕೂತಿದ್ದ, ಎಲ್ಲರಿಗೂ ಕಾಣುವ ಹಾಗೆ. ಚಾ ಕುಡಿದ, ಹೋದ.

ರಾತ್ರಿ ಚಂದನಾಳ ಫೋನು. ಸಣ್ಣ ದನಿ.

"ಭಾವಾ... ಅಕ್ಕನ ಕಾಲುಂಗುರ ಇದ್ದಾ ನೋಡಿ."

ನನ್ನ ಹೆಂಡತಿ ಕಾಲು ನೋಡಿಕೊಂಡಳು. ಎಡಗಾಲಿನದು ಇಲ್ಲ.

"ಎಲ್ಲಿ ಸಿಕ್ಕಿತು ಚಂದನಾ?"

ಅವಳು ಬಾಗಿಲು ಎಳೆದುಕೊಂಡ ಸದ್ದು ಕೇಳಿತು.

"ಊಟಕ್ಕೆ ಕೂತಿದ್ದರು, ಭಾವಾ. ಒಂದು ತುತ್ತೂ ಇನ್ನೂ ಹಾಕಿರಲಿಲ್ಲ... ಬಾಯಿಂದ ತೆಗೆದರು."

ನಾನು ಒಂದು ಮಾತೂ ಸೇರಿಸಿ ಹೇಳಿಲ್ಲ. ನನ್ನ ಹೆಂಡತಿ ಒಳಗೇ ಇದ್ದಾಳೆ, ಕಾಲು ನೋಡಿ. ಆ ಉಂಗುರ ನಾವು ವಾಪಸು ತರಿಸಿಕೊಳ್ಳಲಿಲ್ಲ.