ಕೊನೆಯ ಸ್ನಾನ ಮಾಡಿಸುವ ಕೈಯ ರೊಟ್ಟಿ

ಸಭೆಯ ಅಧ್ಯಕ್ಷರೂ ನಮ್ಮ ಮೊಹಲ್ಲಾದ ಹಿರಿಯರೂ ಆದ ಸೋದಿಕ್ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬುಖಾರಾದ ನನ್ನ ಸಭಿಕರೇ,

ನಾನು ಓಯ್ದಿನ್. ನಲವತ್ತು ವರ್ಷ ಈ ಮೊಹಲ್ಲಾದ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿದವಳು. ಇಷ್ಟೊಂದು ಜನ ಕಣ್ಣು ಬಿಟ್ಟುಕೊಂಡು ನನ್ನ ಮುಂದಿರುವುದು ಇದೇ ಮೊದಲು. ಹಾಗಾಗಿ ತುಸು ಗಾಬರಿ.

ಸನ್ಮಾನದ ರೇಷ್ಮೆ ನಿಲುವಂಗಿ ಚೆನ್ನಾಗಿದೆ. ಅಧ್ಯಕ್ಷರು ಅದನ್ನು ನನ್ನ ಹೆಗಲಿಗೆ ಹೊದಿಸದೆ ಕುರ್ಚಿಯ ಬೆನ್ನಿಗೆ ಹೊದಿಸಿದರು. ಕುರ್ಚಿಗೂ ಸನ್ಮಾನ ಆಗಲಿ, ಬೇಡವೆನ್ನಲು ನಾನ್ಯಾರು?

ಮದುವೆಯಾಗಿ ಬಂದ ಹೊಸತು. ಅತ್ತೆಯಿಂದ ಈ ಕೆಲಸ ಕಲಿಯುತ್ತಿದ್ದೆ. ಪಕ್ಕದ ಬೀದಿಯ ಬಿಬಿಸೋರಾ ಅಜ್ಜಿಗೆ ಜ್ವರವೆಂದು ಕೇಳಿ ಸಾರು ಒಯ್ದು ಬಾಗಿಲು ತಟ್ಟಿದೆ. ಹೆಣ ತೊಳೆಯುವವಳು ಕರೆಯದೆ ರೋಗಿಯ ಮನೆಗೆ ಹೋಗಬಾರದೆಂಬುದು ಹೊಳೆಯಲೇ ಇಲ್ಲ. ನನ್ನನ್ನು ಕಂಡದ್ದೇ ಮನೆಮಂದಿಯೆಲ್ಲ ಗೋಳೋ ಎಂದು ಅತ್ತರು. ಅಜ್ಜಿ ಮಲಗಿದ್ದಲ್ಲಿಂದಲೇ, "ಸುಮ್ನಿರ್ರೋ. ಲೇ ಹುಡುಗಿ, ನಂಗಿನ್ನೂ ಟೈಮಿದೆ ಕಣೇ. ಸಾರು ಇಟ್ಟು ಹೋಗು" ಅಂದರು.

ಆಮೇಲೆ ಹನ್ನೊಂದು ವರ್ಷ ಬದುಕಿದರು. ಪ್ರತಿ ಶುಕ್ರವಾರ ನಮ್ಮನೆಗೆ ಬಂದು, "ನಾಳೆ ನನ್ನ ತೊಳಿಯೋ ಕೈ ಬೆಚ್ಚಗಿದೆಯೋ ಇಲ್ವೋ, ಇವತ್ತೇ ನೋಡ್ಕೋತೀನಿ" ಎಂದು ಒಲೆಯಿಂದ ಇಳಿದ ರೊಟ್ಟಿ ತಿನ್ನುತ್ತಿದ್ದರು. ಈ ಮೊಹಲ್ಲಾದಲ್ಲಿ ಹೆಣ ತೊಳೆಯುವ ಕೈಯೆಂದು ಹೇಸದೆ ನನ್ನ ರೊಟ್ಟಿ ತಿಂದವರು ಅವರೊಬ್ಬರೇ. ಅವರು ನಮ್ಮ ಅಧ್ಯಕ್ಷರ ತಾಯಿ. ಅವರಿಗೆ ಬೆಚ್ಚನೆಯ ನೀರಿನಲ್ಲೇ ಸ್ನಾನ ಮಾಡಿಸಿದೆ, ಅಳುತ್ತ ತಲೆ ಬಾಚಿದೆ.

ನನ್ನ ಮಗಳು ನೊಜಿಮಾ ಹೆಣ ಮುಟ್ಟಿದವಳಲ್ಲ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಆದರೂ ನನ್ನ ಕೈಯ ದೆಸೆಯಿಂದ ಎರಡು ಸಂಬಂಧ ತಪ್ಪಿದವು. ಈಗೊಬ್ಬ ಹುಡುಗ ಅವಳೇ ಬೇಕೆಂದು ಹಠ ಹಿಡಿದಿದ್ದಾನೆ. ಅವನ ತಂದೆ ಒಪ್ಪುತ್ತಿಲ್ಲ. ಆ ತಂದೆ ಯಾರು? ಹೆಸರು ಹೇಳುವುದಿಲ್ಲ. ಅಧ್ಯಕ್ಷರಿಗೆ ಯಾರಾದರೂ ನೀರು ಕೊಡಿ.

ಸಂಬಂಧ ಕುದುರಿದರೆ ಎರಡು ಮನೆಯವರು ಒಂದೇ ರೊಟ್ಟಿಯನ್ನು ಎರಡು ಕಡೆ ಹಿಡಿದು ಮುರಿಯುವುದು ನಮ್ಮ ಪದ್ಧತಿ. ಇಗೋ, ಬೆಳಿಗ್ಗೆ ನಾನೇ ಸುಟ್ಟ ರೊಟ್ಟಿ. ಈ ತುದಿ ಹಿಡಿದಿದ್ದೇನೆ. ನಿಮ್ಮ ತಾಯಿ ತಿಂದ ಕೈಯ ರೊಟ್ಟಿ, ಸೋದಿಕಣ್ಣ. ಬೇಡವೆಂದರೆ ನಿಲುವಂಗಿ ಆ ಕುರ್ಚಿಗೇ ಇರಲಿ, ನಾನು ಮನೆಗೆ ಹೊರಡುತ್ತೇನೆ.

ನಿಧಾನವಾಗಿ ಏಳಿ, ನಿಮಗೆ ಮಂಡಿನೋವು. ಹಾಂ, ಆ ತುದಿ. ಗಟ್ಟಿಯಾಗಿ ಹಿಡಿಯಿರಿ.

ಮುರಿಯಿತು. ಇನ್ನು ಭಾಷಣವೇಕೆ? ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಬಾಗಿಲ ಬಳಿ ಬುಟ್ಟಿ ತುಂಬ ರೊಟ್ಟಿ ಇಟ್ಟಿದ್ದೇನೆ, ಎಲ್ಲರೂ ತಿಂದೇ ಹೋಗಬೇಕು. ನಮಸ್ಕಾರ ಸಭಿಕರೇ. ನಮಸ್ಕಾರ, ಬೀಗರೇ.