ರೆಕ್ಕೆಯ ಹೊಲಿಗೆ

ಎಕ್ಸ್-ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದಿದ್ದ ಒಬ್ಬರು ದರ್ಜಿ, ಮತ್ತು ಅವರ ಮಗಳು. ಅವಳ ಕಾಲಿಗೆ ಬ್ಯಾಂಡೇಜು, ಕೂದಲಲ್ಲಿ ಮರಳು. ಗಾಳಿ ತುಂಬಿದ ಬಟ್ಟೆಯ ರೆಕ್ಕೆಯನ್ನು ಕೈಯಲ್ಲಿ ಹಿಡಿದು, ಅಡಿಯಲ್ಲಿ ನೀರು ಸೀಳುವ ಅಲಗಿರುವ ಹಲಗೆಯ ಮೇಲೆ ನಿಂತು ಅಲೆಗಳಲ್ಲಿ ಓಡುವ ಆಟ ಅವಳದೆಂದು ಮಾತಿನಿಂದ ತಿಳಿಯಿತು.

“ಅಲೆ ಮೈಮೇಲೆ ಬಿದ್ರೆ ರೆಕ್ಕೆ ಕೈಬಿಡಬೇಕು, ಕೈಗೆ ಕಟ್ಟಿದ ಹಗ್ಗ ಇರುತ್ತೆ, ಎಲ್ಲೂ ಹೋಗಲ್ಲ ಅಂತ ನೀನೇ ಹೇಳಿದ್ದೆ.”

“ಹೌದಪ್ಪ.”

“ಮತ್ತೆ?”

“ಹರಿದಿದ್ದ ರೆಕ್ಕೇನ ಮೂರು ದಿನ ಕೂತು ಹೊಲಿದಿದ್ದೆ ನೀನು. ಮತ್ತೆ ಹರಿದುಹೋಗುತ್ತೆ ಅಂತ ಎತ್ತಿ ಹಿಡಿದೆ. ಅಷ್ಟರಲ್ಲಿ ಹಲಗೆ ಮಗುಚಿ ಅದರಡಿಯ ಅಲಗು ಕಾಲಿಗೆ ಹೊಡೀತು.”

“ಪೆದ್ದೀ, ಬಟ್ಟೆ ಹರಿದ್ರೆ ನಾನಿದ್ದೀನಿ ಕಣೇ. ಮೂಳೆ ಹೊಲಿಯೋ ಸೂಜಿ ನನ್ನ ಹತ್ರ ಎಲ್ಲಿದೆ?”

“ಇನ್ಮೇಲೆ ಕಡಲಿಗೆ ಹೋಗ್ಬೇಡ ಅಂತೀಯಾ?”

ಅವರು ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು.

“ಹೊಲಿಗೆ ಹೇಗಿದೆ?”

“ಒಂದು ಎಳೆನೂ ಬಿಟ್ಟಿಲ್ಲ.”

“ನೀನು ಹಿಡ್ಕೊಂಡಿದ್ಯಲ್ಲ, ಹೇಗೆ ಬಿಡುತ್ತೆ? ಕಾಲು ವಾಸಿಯಾಗಲಿ, ನಾನೂ ದಡಕ್ಕೆ ಬರ್ತೀನಿ. ಅಲೆ ಬಂದಾಗ ನನ್ನ ಕಣ್ಣೆದುರೇ ಕೈಬಿಡಬೇಕು.”

“ಹರಿದ್ರೆ?”

“ಹರೀಲಿ ಬಿಡು.”

ಒಳಗಿನಿಂದ ಕರೆದರು. ಅವಳು ಅಪ್ಪನ ಹೆಗಲು ಹಿಡಿದು ಒಂಟಿಕಾಲಲ್ಲಿ ಎದ್ದಳು.

“ಅಮ್ಮಂಗೆ ಏನು ಹೇಳೋದು?”

“ನೀನು ಬಾಯಿ ಬಿಡಬೇಡ. ನಾನು ನೋಡ್ಕೋತೀನಿ.”