ಐವತ್ತೆರಡು ಕಳಾವರ್ ರಾಜರು

ಒಬ್ಬ ಸಾಹುಕಾರ ಇದ್ದ ಅಂತಿಟ್ಟುಕೊಳ್ಳಿ. ಊರು ಯಾವುದು ಅಂತ ಕೇಳಬೇಡಿ, ನಿಮ್ಮೂರೇ ಆಗಿದ್ದರೆ ನಿಮಗೆ ಕಷ್ಟ. ಎರಡು ಹತ್ತಿ ಗಿರಣಿ, ಬೆಳೆದ ಒಬ್ಬಳೇ ಮಗಳು. ಒಂದು ದಿನ ಪೇಟೆಗೆ ಹೋದವನು ಆಟಿಕೆ ಅಂಗಡಿಯಿಂದ ಜಾದೂ ಇಸ್ಪೀಟು ಕೊಂಡು ತಂದ. ನೋಡಿ, ಅದರಲ್ಲಿ ಎರಡು ಕಟ್ಟು, ಎರಡರ ಬೆನ್ನೂ ಒಂದೇ ಬಣ್ಣ. ಒಂದರಲ್ಲಿ ಎಲ್ಲ ಎಲೆಗಳೂ ಇರುತ್ತವೆ, ಅದು ತೋರಿಸುವುದಕ್ಕೆ. ಇನ್ನೊಂದರಲ್ಲಿ ಐವತ್ತೆರಡೂ ಕಪ್ಪು ಕಳಾವರ್ ರಾಜ, ಅದು ಎತ್ತಿಸುವುದಕ್ಕೆ. ಮಾತಾಡುತ್ತ ಮಾತಾಡುತ್ತ ಜೇಬಿನಲ್ಲಿ ಕಟ್ಟು ಬದಲಾಯಿಸಿದರೆ ಮುಗಿಯಿತು.

ಗಿರಣಿಯ ಆಳುಗಳಿಗೆ ತೋರಿಸಿದ, ನೆಂಟರಿಗೆ ತೋರಿಸಿದ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಮಗಳೊಬ್ಬಳೇ ನೋಡಿರಲಿಲ್ಲ. ಅಲ್ಲಿಯವರೆಗೆ ಅದು ಬರೀ ಆಟ. ಆಟದಲ್ಲಿ ಪಾಪವಿಲ್ಲ.

ಆಮೇಲೆ ಮಗಳಿಗೊಂದು ಸಂಬಂಧ ಬಂತು. ದೊಡ್ಡ ಮನೆತನ. ಹುಡುಗ ಕುಡಿಯುತ್ತಾನೆ, ಕೈ ಮಾಡುತ್ತಾನೆ ಅಂತ ಮಗಳ ಕಿವಿಗೆ ಬಿದ್ದಿತ್ತು. ಒಲ್ಲೆ ಅಂದಳು. ಮಾತು ಬಗೆಹರಿಯದಿದ್ದರೆ ದೇವರ ಮುಂದೆ ಚೀಟಿ ಎತ್ತುವುದು ಆ ಮನೆಯ ಪದ್ಧತಿ. ಸಾಹುಕಾರ ಏನಂದ?

"ಚೀಟಿ ನಾನ ಬರದ್ರ ಮೋಸ ಅಂತೀ. ಎಲಿ ಎತ್ತವ್ವಾ. ಕೆಂಪು ಬಂತಂದ್ರ ಈ ಸಂಬಂಧ ಬ್ಯಾಡ. ಕರೇದು ಬಂತಂದ್ರ ದೇವರು ಹೂಂ ಅಂದಂಗ."

ಪಾಪ, ಅವಳು ತಲೆಗೆ ಸ್ನಾನ ಮಾಡಿ ಬಂದಳು. ದೀಪ ಹಚ್ಚಿದಳು. ಕಣ್ಣು ಮುಚ್ಚಿ ಒಂದು ಎಲೆ ಎತ್ತಿದಳು. ಏನು ಬರುತ್ತದೆ ಹೇಳಿ? ಬೇರೆ ಏನಾದರೂ ಬರಲಿಕ್ಕೆ ಸಾಧ್ಯವೇ?

ಮದುವೆಯಾಯಿತು. ವರ್ಷದ ಮೇಲೆ ಅಪ್ಪ ನೋಡಲು ಹೋದ. ಮಗಳ ಮುಂದಿನ ಹಲ್ಲು ಇರಲಿಲ್ಲ, ಮಣಿಕಟ್ಟು ಊದಿತ್ತು. "ನಡಿಯವ್ವಾ, ಮನೀಗೆ ಹೋಗೂಣು" ಅಂದ.

"ಹೆಂಗ ಬರ್ಲೆಪ್ಪಾ? ದೇವರ ಮುಂದ ನನ್ನ ಕೈಯಾರ ಎತ್ತೀನಿ. ಬಿಟ್ಟು ಬಂದ್ರ ದೇವರಿಗೆ ಎದುರು ನಿಂತಂಗ ಆಕ್ಕೈತಿ."

ಮಾತು ಸಾಹುಕಾರನ ನಾಲಿಗೆಯ ತುದಿಗೆ ಬಂತು. 'ಆರಿಸಿದ್ದು ದೇವರಲ್ಲ, ನಾನು' ಅಂದಿದ್ದರೆ ಸಾಕಿತ್ತು, ಉಟ್ಟ ಸೀರೆಯಲ್ಲೇ ಎದ್ದು ಬರುತ್ತಿದ್ದಳು. ಆದರೆ ಮಗಳು ತನ್ನನ್ನು ಹೇಗೆ ನೋಡಿಯಾಳು? ನಾಲ್ಕು ಜನಕ್ಕೆ ಗೊತ್ತಾದರೆ? ಅವನು ಹೆದರಿದ. "ಎಲ್ಲಾ ಸರಿಹೋಗತೈತಿ ತಗೋ" ಅಂದು, ಕೊಟ್ಟ ಚಹಾ ಕುಡಿದು, ಊರಿಗೆ ಹೊರಟ.

ಎರಡೇ ತಿಂಗಳು. ಮಗಳು ಹೋದಳು ಅಂತ ಸುದ್ದಿ ಬಂತು. ಹೆಣದ ಪಕ್ಕ ಕೂತವನ ಹೆಗಲ ಮೇಲೆ ಯಾರೋ ಹಿರಿಯರು ಕೈಯಿಟ್ಟರು. "ದೇವರ ಇಚ್ಛಾ, ಸಾಹುಕಾರ್ರ. ನಮ್ಮ ಕೈಯಾಗ ಏನೈತಿ?" ಆ ಮಾತಿಗೂ ಅವನು ತಲೆಯಾಡಿಸಿದ. ಕೇಳಿದಿರಾ? ಆಗಲೂ ತಲೆಯಾಡಿಸಿದ!

ಅವನನ್ನು ಬೈಯಬೇಕು ಅನ್ನಿಸುತ್ತಿದೆ, ಅಲ್ಲವೇ? ಬೈಯಿರಿ. ಆದರೆ ಜಾತಕ ತಿದ್ದಿಸಿದವರು ಇಲ್ಲಿ ಯಾರೂ ಇಲ್ಲವೇ? ಹೂವಿನ ಪ್ರಸಾದ ಬಲಕ್ಕೇ ಬೀಳಲಿ ಅಂತ ಪೂಜಾರಿಯ ಕಿವಿಯಲ್ಲಿ ಹೇಳಿ ಬಂದವರು? 'ನಿನ್ನಿಷ್ಟವವ್ವಾ' ಅನ್ನುತ್ತಲೇ ಒಂದೇ ಬಾಗಿಲು ತೆರೆದಿಟ್ಟವರು? ನೀವು ತಲೆ ತಗ್ಗಿಸಿದ್ದು ನನಗೆ ಈ ಪ್ರವಚನದ ಪೀಠದಿಂದ ಕಾಣುತ್ತದೆ.

ನನಗೆ ನಮಸ್ಕಾರ ಮಾಡುವುದು ಬೇಡ. ಮನೆಗೆ ಹೋಗಿ, ಊಟಕ್ಕೆ ಕೂರುವ ಮೊದಲು ಮಗಳಿಗೆ ಒಂದು ಫೋನು ಮಾಡಿ. 'ಅದು ದೇವರು ಮಾಡಿದ್ದಲ್ಲ, ನಾನು ಮಾಡಿದ್ದು. ಅಲ್ಲಿ ಇರಲಾಗದಿದ್ದರೆ ಬಾ' ಅನ್ನಿ. ಮಾನ ಹೋಗುತ್ತದೆಯೇ? ಹೋಗಲಿ. ಅವಳು ಫೋನು ಎತ್ತುವ ಕಾಲದಲ್ಲೇ ಮಾಡಿ.